ಎರಡು ಚುಕ್ಕಿ, ಒಂದು ಗೀಟು

ಕೋಳಿಗೂಡಿನ ಹಿಂದೆ ಹದಿನೇಳು ವರ್ಷ
ಬಿದ್ದುಕೊಂಡಿದ್ದ ಮೊಪೆಡ್ಡು.
ಎಂಜಿನ್ ಬಿಚ್ಚಿ ಕಿತ್ತಳೆ ಬುಟ್ಟಿಗೆ ತುಂಬಿ
ದೆಯೊಲಿಂದಾಳ ಷೆಡ್ಡಿಗೆ ಹೊತ್ತೆ.
ಆಗೆದಾ ಊರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ
ಕೈಗೆ ಅದರ ಲೆಕ್ಕ ನೆನಪಿರುವುದು ಅವಳೊಬ್ಬಳಿಗೇ,
ಹಾಗಂತ ಊರಿನ ಮಾತು.

ಒಂದು ಮುಚ್ಚಳವನ್ನು ನಾನಾಗಲೇ
ಒಲೆ ತೊಳೆಯುವ ನೊರೆಯಲ್ಲಿ ರಾತ್ರಿಯಿಡೀ ನೆನೆಹಾಕಿದ್ದೆ.
ಬೆಳಗ್ಗೆ ನೋಡಿದರೆ ಕಾಡಿಗೆ ಬಣ್ಣ,
ಮೈತುಂಬ ಸಿಡುಬಿನ ಕುಳಿ.
ಬೆರಳಾಡಿಸಿ ನೋಡಿದಳು. ಬೈಯಲಿಲ್ಲ.
'ಕಾಸ್ಟಿಕ್ಕು ಕಬ್ಬಿಣದ ಮುಂದೆ ಸಾಧು, ತೆಲ್ಮೊ,
ಅಲ್ಯುಮಿನಿಯಮ್ಮಿಗೆ ಗೆದ್ದಲು.'

ಮೊದಲು ಸೀಮೆಎಣ್ಣೆ.
ಬಟ್ಟೆ ಕ್ಲಿಪ್ಪನ್ನು ಸೀಳಿ ಚೂಪು ಮಾಡಿದ ಕಡ್ಡಿಯಿಂದ
ಹಳೆ ಗ್ಯಾಸ್ಕೆಟ್ಟಿನ ಹಕ್ಕಳೆ ಬಿಡಿಸುವುದು.
ಉಳಿ ತಂದಿದ್ದೆ, ಕಿತ್ತುಕೊಂಡು ಕಿಟಕಿಯ ಮೇಲಿಟ್ಟಳು:
ಎರಡು ಮುಖ ಕೂಡುವ ಕಡೆ
ಒಂದು ಗೀರು ಬಿದ್ದರೆ
ಎಣ್ಣೆ ಆಯುಷ್ಯವೆಲ್ಲ ಅಳುತ್ತದೆ.
ಆಮೇಲೆ ಹಿತ್ತಾಳೆ ಬ್ರಷ್ಷು, ಸವೆದ ಹಲ್ಲುಜ್ಜುವ ಬ್ರಷ್ಷು,
ಬಕಲ್ಯಾವ್ ಮೀನು ಬೇಯಿಸುವ ದೊಡ್ಡ ಪಾತ್ರೆಯಲ್ಲಿ
ಪಾತ್ರೆಸೋಪು ಹಾಕಿ ಕುದಿಸುವುದು.
(ಆ ಪಾತ್ರೆಯನ್ನು ಅವಳ ಮಗಳು ಇನ್ನೂ ಹುಡುಕುತ್ತಿದ್ದಾಳೆ.)

ಮೂರನೆಯ ನೀರಿಗೆ ಬೂದು ಹೋಗಿ
ಹಾಲಿನ ಕೆನೆಯಂಥ ಮಬ್ಬು ಹೊಳಪು ಬಂತು.
ಕನ್ನಡಕ ಹಣೆಗೇರಿಸಿ
ಕೇಸಿನ ಒಳಮೈಯನ್ನು ಬೆಳಕಿಗೆ ಹಿಡಿದಳು.
ಅಲ್ಲಿ, ಎಣ್ಣೆಯಷ್ಟೇ ಕಾಣುವ ಜಾಗದಲ್ಲಿ,
ಯಾರೋ ಪಂಚಿನಿಂದ ಕುಟ್ಟಿದ್ದು:
ಎರಡು ಚುಕ್ಕಿ, ಒಂದು ಗೀಟು.

'ನನ್ನದು ಮೂರು ಚುಕ್ಕಿ.
ಜೋಡಿಸಿದವಳು ಗುಟ್ಟಾಗಿ ಗುರುತು ಹಾಕುತ್ತಿದ್ದೆವು,
ಮೇಸ್ತ್ರಿಗೆ ಗೊತ್ತಾಗದ ಹಾಗೆ.
ಇದು ಜುಲ್ಮೀರಾ.'

ಜುಲ್ಮೀರಾ ಪಕ್ಕದ ಬೆಂಚಿನವಳು.
ಮುಷ್ಕರದ ಹನ್ನೊಂದನೆಯ ದಿನ
ತಲೆ ತಗ್ಗಿಸಿ ಗೇಟು ದಾಟಿ ಒಳಗೆ ಹೋದವಳು.
ಅಂದಿನಿಂದ ಇಬ್ಬರೂ ರೊಟ್ಟಿಯಂಗಡಿಗೆ
ಬೇರೆ ಬೇರೆ ಹೊತ್ತಿಗೆ ಹೋಗುತ್ತಾರೆ.

ನಾನು ಏನೂ ಕೇಳಲಿಲ್ಲ.
ಅವಳು ಆ ಜಾಗವನ್ನೇ ಇನ್ನೊಮ್ಮೆ ಉಜ್ಜಿದಳು,
ಅಳಿಸಲಿಕ್ಕಲ್ಲ, ಕುಳಿಯೊಳಗಿನ ಕಪ್ಪು ತೆಗೆಯಲಿಕ್ಕೆ,
ಸೂಜಿ ಮೊನೆಯಲ್ಲಿ, ಚುಕ್ಕಿಗೊಂದು ಸಲ.
'ಬೇರಿಂಗ್ ಕೂತ ರೀತಿ ನೋಡು.
ಕೂದಲೆಳೆಯಷ್ಟೂ ಅಲುಗಿಲ್ಲ.
ಕೈ ಮಾತ್ರ ಚೊಕ್ಕ ಇತ್ತು ಅವಳದು.'
ಆ 'ಮಾತ್ರ' ಷೆಡ್ಡಿನಲ್ಲಿ ಬಹಳ ಹೊತ್ತು ಇತ್ತು,
ಸೀಮೆಎಣ್ಣೆ ವಾಸನೆಯ ಜೊತೆ.

ಭಾನುವಾರ ಒಂಬತ್ತನೆಯ ಒದೆತಕ್ಕೆ ಹೊತ್ತಿಕೊಂಡಿತು.
ನನ್ನ ಮುಚ್ಚಳ ಕುಳಿಬಿದ್ದ ಹಾಗೇ ಕೂತಿದೆ,
ಬೇರೆ ಸಿಗಲಿಲ್ಲ.
'ಸೇತುವೆಯಾಚೆ ಹೋಗಿ ಬಾ,' ಅಂದಳು.
'ಹಸಿರು ಬಾಗಿಲ ಮನೆ ಮುಂದೆ ನಿಲ್ಲಿಸಬೇಡ.
ನಿಧಾನ ಮಾಡು, ಅಷ್ಟೆ.'

ಸರಿಯಾಗಿ ಅಲ್ಲೇ ಆರಿಹೋಯಿತು.
ಒದ್ದೆ, ಒದ್ದೆ, ಬೆವರು ಕಣ್ಣಿಗಿಳಿಯಿತು.
ಮೇಲೆ ಕಿಟಕಿಯ ಅರ್ಧ ರೆಕ್ಕೆ ತೆರೆದು
ಮುಖ ಕಾಣದ ಒಂದು ಮುದಿ ದನಿ:
'ಪಾಯಿಂಟ್ ಒರೆಸಿದಳಾ,
ಅಥವಾ ಎಂದಿನಂತೆ ಮರೆತಳಾ?'