ಗುರುತು ಅಳಿಸಬ್ಯಾಡ್ರಿ

ನವನಗರದ ಈ ಖೋಲಿಗೆ ಒಂದ ಕಿಟಕಿ.
ಪರದೆ ಇಲ್ಲ, ಗಂಡನ ಹಳೇ ಲುಂಗಿ ಕಟ್ಟೇನಿ.
ದಿನಕ್ಕ ನೂರಾ ಎಂಬತ್ತು, ಗ್ಯಾಸ ಬ್ಯಾರೆ,
ನೀರು ಮುಂಜಾನಿ ಆರರಿಂದ ಏಳರ ತನಕ.
ಮಾಲಕಿ ಸುಲೋಚನಾಬಾಯಿ ಬಂದ ದಿನಾನ ಕೇಳಿದ್ಳು:
"ಎಷ್ಟ ಕರೆಂಟ ಅಂದಾರ್ರೀ?"
ಇಲ್ಲಿ ಯಾರೂ ರೋಗದ ಹೆಸರು ಹಿಡಿಯೂದಿಲ್ಲ.
ಇಪ್ಪತ್ತೈದು, ಅಂದೆ.
"ಶನಿವಾರ ಐತವಾರ ಬಿಟ್ಟು ಐದು ವಾರ"
ಬೆರಳು ಮಡಚದ ಹೇಳಿದ್ಳು,
ಕೀಲಿ ಕೈಯಾಗಿಟ್ಟು ಹಾಲು ಕಾಸಾಕ ಹೋದ್ಳು.

ನಾನು ಸವಣೂರಿನಾಕಿ. ಜೈತುನಬಿ. ಟೇಲರ.
ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ಇಪ್ಪತ್ತೆರಡು ವರ್ಷ
ಹೆಣ್ಮಕ್ಕಳ ಎದಿ ಅಳದೇನಿ.
ಟೇಪು ಸುತ್ತಿದ ಕೂಡಲೆ ಎಲ್ಲಾರೂ ಉಸುರು ಹಿಡಿತಾರ.
"ಬಿಡ್ರೆವ್ವಾ, ಬಿಡ್ರಿ, ಜಂಪರ ಬಿಗಿ ಆಗತೈತಿ" ಅಂತಿದ್ದೆ.

ಇಲ್ಲಿ ಒಬ್ಬ ಹುಡುಗ, ಮೀಸಿ ಈಗ ಮೂಡಾಕ ಹತ್ಯಾವ,
ನೀಲಿ ಪೆನ್ನು ಹಿಡದು
ನನ್ನ ಎಡಗಡೆ ಬಯಲಿನ ಮ್ಯಾಲೆ ಗೆರಿ ಎಳದ.
ಉಸುರು ಹಿಡದೆ.
"ಬಿಡ್ರಿ ಅಮ್ಮಾ, ಆರಾಮ ಉಸುರು ಬಿಡ್ರಿ."
ನಗಿ ಬಂತು. ಗೆರಿ ಸೊಟ್ಟ ಬಿತ್ತು.
ಹತ್ತಿಲೆ ಒರಸಿ ಮತ್ತೊಮ್ಮೆ ಎಳದ,
ಒಂದು ಕಣ್ಣು ಮುಚ್ಚಿ, ನಾ ಸುಣ್ಣದ ಕಡ್ಡಿ ಹಿಡಿದಾಗ ಮುಚ್ಚಿದಂಗ.
"ಗುರುತು ಅಳಿಸಬ್ಯಾಡ್ರಿ. ಸಾಬಾಣ ತಾಗಿಸಬ್ಯಾಡ್ರಿ."
ಅಳಿಸೂದಿಲ್ಲಪಾ.
ಗುರುತು ಅಳಿಸಿದ್ರ ಅರಿವಿ ಕೆಡತೈತಿ, ನನಗ ಗೊತ್ತಿಲ್ಲೇನು.

ಅಡಗಿಮನಿ ಒಂದ, ಖೋಲಿ ಮೂರು.
ಎದುರಿನ ಖೋಲ್ಯಾಗ ಈರಪ್ಪ,
ಗದಗಿನ ಅಡತಿ ಅಂಗಡ್ಯಾಗ ಸವಾಲು ಕೂಗಾಂವ.
ಶೇಂಗಾ, ಹೆಸರು, ಒಣಮೆಣಸಿನಕಾಯಿ,
ಅವನ ದನಿ ಗೇಟಿನ ಹೊರಗಿನ ಎತ್ತಿಗೂ ಕೇಳತಿತ್ತಂತ.
ಈಗ ಗಂಟಲಿಗೆ ಕರೆಂಟ.
ಹೆಂಡ್ತಿ ಗಿರಿಜವ್ವ ಇಬ್ಬರ ಪಾಲಿನ ಮಾತೂ ತಾನ ಆಡತಾಳ,
ಜ್ವಾಳದ ನುಚ್ಚು ಅರಿವ್ಯಾಗ ಸೋಸಿ ಬಟ್ಟಲಕ್ಕ ಸುರವತಾಳ.
ಅಂವ ಚಮಚಾದಿಂದ ಬಟ್ಟಲ ಬಡಿತಾನ:
ಒಂದ್ಸಲ ಅಂದ್ರ ಸುಡಾಕತ್ತೈತಿ,
ಎರಡ್ಸಲ ಅಂದ್ರ ಸಾಕು.
ಮೂರನೇ ಸಲ ಬಡಿಯೂದಿಲ್ಲ.
ಮೂರಕ್ಕ ಸವಾಲು ಮುಗಿತೈತಲ್ರಿ, ಅಂತಾಳ ಗಿರಿಜವ್ವ,
ಸೆರಗಿನಿಂದ ಅವನ ಗಲ್ಲ ಒರಸಿ.

ಶನಿವಾರ ಮಷೀನಿಗೆ ಸೂಟಿ.
ಚರ್ಮ ಮಾತ್ರ ಸೂಟಿ ತಗೊಳ್ಳೂದಿಲ್ಲ,
ಒಲಿಗೆ ಎದಿ ಕೊಟ್ಟು ಕುಂತಂಗ.
ಧಾರವಾಡಕ್ಕ ಏನ ಕೆಲಸ? ಏನಿಲ್ಲ.
ಚಿಗರಿ ಬಸ್ಸಿನ್ಯಾಗ ತಂಪು ಐತಿ.
ಚೀಟಿ ತಗಸಿ, ಕಿಟಕಿ ಬಾಜು ಕುಂತು,
ಸೆರಗಿನೊಳಗ ಗಾಳಿ ಬಿಟಗೊಂಡು ಹೋದೆ.
ಇಳದೆ. ಒಂದು ಕಪ್ ಚಾ ಕುಡದೆ. ಮತ್ತ ಹತ್ತಿದೆ.
ನನ್ನ ಬಾಜು ಕಾಲೇಜಿನ ಹುಡುಗಿ,
ತೋಳಿನ ಹೊಲಿಗಿ ಒಂದು ಬೆರಳಷ್ಟು ಬಿಚ್ಚಿತ್ತು.
ಸೂಜಿ ಇತ್ತು ಚೀಲದಾಗ.
ಉಣಕಲ್ ಕೆರಿ ದಾಟೂತನಕ ಹೇಳಲೋ ಬ್ಯಾಡೋ ಅನಕೊಂತ,
ಹೇಳಲಿಲ್ಲ.

ರಾತ್ರಿ ನಗೀನಾನ ಫೋನು:
"ಆಪಾ, ಗುಡಗೇರಿ ಟೀಚರ ಮಗಳ ನಿಶ್ಚೇಕ ಜಂಪರ ಬೇಕಂತ,
ಅಳತಿ ಎಲ್ಲೈತಿ?"
ಕೆಂಪು ವಹಿ, ಮೂವತ್ತೊಂದನೇ ಹಾಳಿ. ಸೊಂಟಕ್ಕ ಅರ್ಧ ಇಂಚು ಜಾಸ್ತಿ ಇಡು,
ಹುಡುಗಿ ಈಗ ಮೈ ಹಿಡಿಯೂ ವಯಸ್ಸು.
"ಮತ್ತ ಮೊದಲನೇ ಹಾಳ್ಯಾಗ ನಿಮ್ಮದ ಐತಿ ಆಪಾ..."
ಸುಮ್ಮನಾದ್ಳು.
ಇರ್ಲಿ ಬಿಡು. ಹರಿಬ್ಯಾಡ. ಗೀಟೂ ಹೊಡಿಬ್ಯಾಡ.

ಜೀನದ ಕೆಳಗ ಮಾಲಕಿಯ ಅತ್ತೀದು ಹಳೇ ಮಷೀನು,
ಮ್ಯಾಲೆ ಉಳ್ಳಾಗಡ್ಡಿ ಚೀಲ.
ಎಡಗೈಲೆ ಭಾರ ಎತ್ತಬ್ಯಾಡ ಅಂದಾರ,
ಗಿರಿಜವ್ವ ಎತ್ತಿಟ್ಳು.
ಕೊಬ್ರಿ ಎಣ್ಣಿ ಬಿಟ್ಟು ಕಾಲಿಟ್ಟೆ. ನರಳಿತು, ಕೆಮ್ಮಿತು, ಹೊಂಟಿತು.
ಅವಳ ಬಾಡಿ ಹರದಿತ್ತು, ಹೊಲದೆ.
ನನ್ನದಕ್ಕ ಎಡಗಡೆ ಒಳಗ ಮೆತ್ತನ್ನ ಅರಳಿ ಇಟ್ಟೆ,
ತಗದೆ,
ಸ್ವಲ್ಪ ಕಡಿಮಿ ಮಾಡಿ ಇಟ್ಟೆ,
ಅದೂ ಸರಿ ಬರಲಿಲ್ಲ, ಬಿಚ್ಚಿದೆ.
ಇಷ್ಟು ವರ್ಷ ಮಂದೀದು ಹೊಲದಾಕಿಗೆ
ತನ್ನದು ಇನ್ನೂ ಕೈಗೆ ಕುಂದ್ರಲಿಲ್ಲ.

ಎದುರಿನ ಖೋಲ್ಯಾಗ ಬಟ್ಟಲ ಎರಡ್ಸಲ ಬಡಿತು.
ಸಾಕು ಅಂತಾನೋ, ಮಷೀನಿನ ಸಪ್ಪಳ ಸಾಕು ಅಂತಾನೋ
ತಿಳಿಲಿಲ್ಲ. ಕಾಲು ತಗದೆ.

ನಾಳೆ ಹದಿನೆಂಟನೇದು.
ನೀರು ಆರಕ್ಕ ಬಿಡತಾರ.