ಹುಳು ಕೊರೆದ ದಾರಿ

ಫ್ರೀಮ್ಯಾಂಟಲ್ ಬಂದರಿನ ಹಳೇ ಉಣ್ಣೆ ಗೋದಾಮು
ಈಗ ನಮ್ಮ ಕಾಗದದಾಸ್ಪತ್ರೆ.
ಮಧ್ಯಾಹ್ನದ ಕಡಲಗಾಳಿ ಕಿಟಕಿ ಬಡಿಯುವ ಹೊತ್ತಿಗೆ
ರೋಗಿ ಬಂತು: ಡಚ್ಚರ ಭೂಪಟಗಳದೊಂದು ಪುಸ್ತಕ,
ಮುನ್ನೂರೈವತ್ತರ ಪ್ರಾಯ, ಕರುವಿನ ಚರ್ಮದ ಅಂಗಿ,
ಮೈಯೆಲ್ಲ ಉಪ್ಪು.

ಮೊದಲು ಮೂಸಿ ನೋಡುತ್ತೇನೆ. ಯಾರಿಗೂ ಹೇಳಬೇಡಿ.
ಮೆಣಸಲ್ಲ, ಲವಂಗವಲ್ಲ,
ಒದ್ದೆ ಗೋಣಿಯ ವಾಸನೆ.

ಒಂಬತ್ತನೆಯ ಹಾಳೆ ನಮ್ಮ ಕರಾವಳಿ.
'ಓನೋರ್' ಅಂದರೆ ಹೊನ್ನಾವರ,
'ಬಾಟಿಕಾಲ' ಭಟ್ಕಳ,
'ಬಾರ್ಸೆಲೋರ್' ಮಾತ್ರ ನಾಲ್ಕು ಸಲ ಬಾಯಲ್ಲಿ ಹೊರಳಿಸಿದ ಮೇಲೆ
ಬಸರೂರು ಎಂದು ಓಗೊಟ್ಟಿತು.
ಅಕ್ಕಿಮುಡಿ ಹೊರುವವನು ಯಾರೋ ಹೇಳಿದ್ದು,
ನೆಗಡಿಯಾದವನು ಯಾರೋ ಕೇಳಿಸಿಕೊಂಡದ್ದು
ತಾಮ್ರದ ತಗಡಿನಲ್ಲಿ ಹಾಗೇ ಕೂತುಬಿಟ್ಟಿದೆ.

ಘಟ್ಟದಾಚೆ ಖಾಲಿ. ನಮ್ಮೂರು ಇರಬೇಕಾದಲ್ಲಿ
ಒಂದು ಆನೆ. ಅದಕ್ಕೂ ಹಂದಿಯ ಕಿವಿ.

ಆ ಆನೆಯ ಹೊಟ್ಟೆಯಲ್ಲಿ ಒಂದು ತೂತು,
ಸಾಸಿವೆಯಷ್ಟು.
ಹಾಳೆ ಮಗುಚಿದೆ: ಸಿಂಹಳದ ಬೆಟ್ಟದಲ್ಲಿ ಅದೇ ತೂತು,
ಜಾವಾದ ಕಡಲಲ್ಲಿ ಅದೇ,
ಅಲ್ಲೊಂದು ಹಡಗಿನ ಹಾಯಿ ಹರಿದು.
ಗಾಳಿ ಕಾಯದೆ, ನಕ್ಷತ್ರ ನೋಡದೆ, ಸುಂಕ ಕಟ್ಟದೆ
ಹನ್ನೊಂದು ಹಾಳೆ ದಾಟಿ
ದಕ್ಷಿಣದ ನಾಡಿಗೆ ಬಂದು ನಿಂತಿದೆ ಹುಳು.
ಯಾವ ಕಪ್ತಾನನೂ ಹಿಡಿಯದ ನೇರ ದಾರಿ.

ಪಕ್ಕದ ಮೇಜಿನ ಡೆಸ್ಮಂಡ್ ಲೋಹದ ವೈದ್ಯ.
ಮುಳುಗಿದ ಹಡಗಿನ ಬೆಳ್ಳಿನಾಣ್ಯವೊಂದು
ಹವಳಕ್ಕೆ ಕಚ್ಚಿಕೊಂಡಿದೆ, ಬಿಡಿಸುತ್ತಿದ್ದಾನೆ
ಮೂರು ವಾರದಿಂದ, ಹಲ್ಲಿನ ಡಾಕ್ಟರರ ಸೂಜಿಯಲ್ಲಿ.
ಚೀನಾದ ನೀಲಿ ಬಟ್ಟಲಿನ ಚೂರಲ್ಲಿ
ಮೀನೊಂದು ಅರ್ಧ ಈಜುತ್ತಿದೆ.

ನಮ್ಮಪ್ಪ ಹರಪನಹಳ್ಳಿಯಲ್ಲಿ
ಮೋಜಣಿಯವರ ಸರಪಳಿ ಎಳೆಯುತ್ತಿದ್ದ.
'ಬಿಸಿಲಿಗೆ ಕಬ್ಬಿಣ ಹಿಗ್ತದಮ್ಮ,
ಹೊಲ ಕಾಗದದಾಗೆ ಗೇಣು ಕುಗ್ತದೆ.
ಸುಳ್ಳು ಹೇಳೋದು ಮನುಷ್ಯ ಅಲ್ಲ, ಬಿಸಿಲು.'
ಬೀಡಿ ಅರ್ಧ ಸುಟ್ಟ ಮೇಲೆ,
'ಮನುಷ್ಯನೂ.'

ಗುರುವಾರ ಡಲ್ಸಿ ಕಿಕೆಟ್ ಬರುತ್ತಾಳೆ.
ಈ ಬಂದರಿಗೆ ಅವಳ ಜನ ಇಟ್ಟ ಹೆಸರು ವಾಲ್ಯಲಪ್;
ನನ್ನ ನಾಲಗೆ ಅದನ್ನು 'ಬಾರ್ಸೆಲೋರ್' ಮಾಡಿದಾಗಲೆಲ್ಲ
ಸುಮ್ಮನೆ ಇನ್ನೊಮ್ಮೆ ಹೇಳುತ್ತಾಳೆ.
ಇಪ್ಪತ್ತನೆಯ ಹಾಳೆ ತೋರಿಸಿದೆ:
ಅರ್ಧ ತೀರ ಬರೆದು ಕೈಬಿಟ್ಟ ನಾಡು,
ಒಳಗೆಲ್ಲ ಬಿಳಿ, ಆ ಬಿಳಿಯಲ್ಲಿ
ಚಂದದ ಅಳತೆಪಟ್ಟಿ,
ಡಿಗ್ರಿಗೆ ಹದಿನೈದು ಜರ್ಮನ್ ಮೈಲಿ.

ಕನ್ನಡಕ ಏರಿಸಿ ಬಗ್ಗಿದಳು.
'ನಮ್ಮಜ್ಜಿಯ ನೀರಗುಂಡಿ ಇರೋದು ಇದರಡಿಯಲ್ಲೇ.
ಅವಳಿಗೆ ಈ ಪಟ್ಟಿ ಸಿಕ್ಕಿದ್ದರೆ
ಬಟ್ಟೆ ಒಣಗಿಸುತ್ತಿದ್ದಳು.'
ನಾನು ನಕ್ಕೆ. ಅವಳು ನಗಲಿಲ್ಲ,
ಆಮೇಲೆ ನಕ್ಕಳು.

ಜಪಾನಿ ಕಾಗದ, ಗೋದಿಯ ಗಂಜಿ, ಮೊಲದ ಕೂದಲಿನ ಕುಂಚ.
ತೂತನ್ನು ತುಂಬಬಹುದು, ಗೆರೆ ಎಳೆಯಕೂಡದು,
ಅದು ನಮ್ಮ ಕಸುಬಿನ ನೇಮ.
ಆನೆಯ ಹೊಟ್ಟೆ ಆಯಿತು, ಸಿಂಹಳ ಆಯಿತು,
ಹರಿದ ಹಾಯಿಗೊಂದು ತೇಪೆ,
ಇನ್ನು ಅದಕ್ಕೆ ಗಾಳಿ ತಾಗದು.

ಕೊನೆಯ ತೂತಿನ ತಳದಲ್ಲಿ ಸಿಕ್ಕಿತು ಅದು,
ಒಣಗಿ, ಹೊಟ್ಟಿನಷ್ಟು ಹಗುರ.
ಉಸಿರು ಬಿಗಿಹಿಡಿದು ಇಕ್ಕಳದಲ್ಲೆತ್ತಿ
ಪುಟ್ಟ ಚೀಲಕ್ಕೆ ಹಾಕಿದೆ.
ಇಲ್ಲಿ ಸಿಕ್ಕಿದ್ದಕ್ಕೆಲ್ಲ ನಂಬರು ಬೇಕು.
ವಸ್ತು: ಹುಳು, ಒಂದು.
ಕಾಲ: ಗೊತ್ತಿಲ್ಲ.
ಮೂಲ ಸ್ಥಳ: ಪೆನ್ನು ನಿಂತಿತು.
ದೊರೆತ ಸ್ಥಳ: ಹಾಳೆ ಇಪ್ಪತ್ತು,
ಅಳತೆಪಟ್ಟಿಯ ಅಡಿ.

ಹೆಗಲ ಮೇಲಿಂದ ಓದಿದ ಡಲ್ಸಿ ಅಂದಳು,
'ಪಾಪ, ನೀರಿನ ಹತ್ತಿರಕ್ಕೇ ಬಂದಿತ್ತು.'