ವಾರ್ಡೋದಿಂದ ಬಂದ ದೂರು

ಓಡ್‌ಮುಂಡ್ ಎಂಬವರು ಬರೆದಿದ್ದಾರೆ, ನೀಲಿ ಶಾಯಿಯಲ್ಲಿ,
ನಾರ್ವೆಯ ತುತ್ತತುದಿಯ ವಾರ್ಡೋ ಊರಿಂದ:
"ಐವತ್ತೈದು ಇಂಚಿನ ಟಿವಿ ಕೊಂಡೆ,
ದೋಣಿಯ ಎಂಜಿನ್ನಿಗೆಂದು ಕೂಡಿಟ್ಟ ದುಡ್ಡಲ್ಲಿ.
ಫುಟ್‌ಬಾಲ್ ಹಾಕಿದರೆ ಹುಲ್ಲಿನ ಎಸಳೆಸಳೂ ಎಣಿಸಬಹುದು.
ನಿಮ್ಮ ಧಾರಾವಾಹಿ ಹಾಕಿದರೆ
ಗೋಡೆಯಲ್ಲಿ, ಆಕಾಶದಲ್ಲಿ, ಆ ಹೆಂಗಸಿನ ಕೆನ್ನೆಯಲ್ಲಿ
ರವೆ. ಬರೀ ರವೆ. ಕುದಿಯುವ ರವೆ.
ಎಚ್‌ಡಿ ಅಂದರೆ ಇದೇನಾ?"

ಕಾಗದ ನನ್ನ ಮೇಜಿಗೆ ಬಂತು, ಯಾಕೆಂದರೆ
ಹಳೆಯ ಸುರುಳಿ ತೊಳೆದು, ಸ್ಕ್ಯಾನ್ ಮಾಡಿ,
ಬಣ್ಣ ತಿದ್ದಿ ಕಳಿಸುವವಳು ನಾನೇ.
ಓಸ್ಲೋದಲ್ಲೊಂದು ನೆಲಮಾಳಿಗೆ. ಕಿಟಕಿಯಿಲ್ಲ, ಕಾಫಿ ಇದೆ.

ಸ್ವಾಮೀ, ನಿಮ್ಮ ಟಿವಿಯ ತಪ್ಪಲ್ಲ ಅದು.
ಹಾಗೆ ನೋಡಿದರೆ ಟಿವಿಯದೇ ತಪ್ಪು:
ಮೊದಲಿನ ಡಬ್ಬಕ್ಕೆ ಇಷ್ಟು ಕಣ್ಣಿರಲಿಲ್ಲ.
ರವೆ ಆಗಲೂ ಇತ್ತು,
ಗಂಜಿಯೊಳಗಿನ ಉಪ್ಪಿನಂತೆ, ಕಾಣದೆ.

ಎಂಬತ್ತೊಂಬತ್ತರ ಡಿಸೆಂಬರು. ಎರಡು ತಿಂಗಳು ಸೂರ್ಯ ಹುಟ್ಟದ ದಡ.
ಹಣ ಕಡಿಮೆ, ಹಾಗಾಗಿ ಹದಿನಾರು ಮಿಲಿಮೀಟರಿನ ಫಿಲ್ಮು;
ಒಂದೊಂದು ಚೌಕ ಕಿರುಬೆರಳ ಉಗುರಿನಷ್ಟು.
ಅದರಲ್ಲೇ ಸಮುದ್ರ, ಅದರಲ್ಲೇ ದಕ್ಕೆ, ಅದರಲ್ಲೇ ರಾಗ್ನಾ
ಮೀನು ಸೀಳುತ್ತಾಳೆ ಒಂದೇ ಒಂದು ಲಾಟೀನಿನ ಕೆಳಗೆ.
ಇನ್ನೊಂದು ದೀಪ ತರಲೇ ಅಂದದ್ದಕ್ಕೆ
ಕ್ಯಾಮೆರಾದ ಆಸ್ಲಾಕ್ ಬೇಡವೆಂದನಂತೆ:
ಆ ಮನೆಯವರ ಹತ್ತಿರ ಇನ್ನೊಂದು ದೀಪ ಇರಲಿಲ್ಲವಲ್ಲ.
ಡಬ್ಬಿಯ ಮೇಲೆ ಸೀಸದಕಡ್ಡಿಯ ಅವನ ಅಕ್ಷರ ಈಗಲೂ ಇದೆ:
"ಲ್ಯಾಬಿನವರೇ, ಎರಡು ಸ್ಟಾಪು ಹೆಚ್ಚು ಬೇಯಿಸಿ. ಬೈಗುಳ ನನಗಿರಲಿ."

ಹನಿ ಕಡಿಮೆ ಬೀಳುವಲ್ಲಿ ಬೊಗಸೆ ದೊಡ್ಡದಿರಬೇಕು.
ಬೆಳ್ಳಿಯ ಹರಳೂ ಹಾಗೇ: ಕತ್ತಲಿಗೆ ದಪ್ಪ ಹರಳು.
ಬೆಳ್ಳಿ ತೊಳೆದುಹೋಗುತ್ತದೆ, ಅದು ಕೂತಿದ್ದಲ್ಲಿ ಬಣ್ಣದ ಚುಕ್ಕೆ,
ಚೌಕದಿಂದ ಚೌಕಕ್ಕೆ ಬೇರೆ ಬೇರೆ ಜಾಗದಲ್ಲಿ,
ಸೆಕೆಂಡಿಗೆ ಇಪ್ಪತ್ತೈದು ಸಲ.
ಅದೇ ನಿಮ್ಮ ಕುದಿತ. ನೀವು ಕಂಡದ್ದು
ಬೆಳಕಿಗೆ ಒಡ್ಡಿದ ಬೊಗಸೆಗಳನ್ನು.

ಇದನ್ನೆಲ್ಲ ಬರೆದು ಹರಿದೆ.
ಮೇಲಿನವರು "ಒರೆಸಿಬಿಡು ತೂರುನ್" ಅಂದಿದ್ದರು,
ಅದಕ್ಕೊಂದು ತಿರುಪು ಇದೆ, ಸೊನ್ನೆಯಿಂದ ಹತ್ತು.
ಏಳಕ್ಕೆ ತಿರುಗಿಸಿದೆ.

ಗೋಡೆ ನುಣುಪಾಯಿತು. ಆಕಾಶ ಇಸ್ತ್ರಿಯಾಯಿತು.
ರಾಗ್ನಾಳ ಕೆನ್ನೆ ಮೇಣ,
ನಲವತ್ತು ಚಳಿಗಾಲ ಬರೆದ ಗೆರೆಗಳು ಒಂದೇ ಕೇರಿಗೆ ಮಾಯ.
ಚೆನ್ನಾಗಿದೆ ಎಂದರು. ಮರುಪ್ರಸಾರವಾಯಿತು.

ಮತ್ತೆ ನೀಲಿ ಶಾಯಿ:
"ಈಗ ಚೊಕ್ಕಟವಾಗಿದೆ, ವಂದನೆ.
ಒಂದೇ ಸಂಶಯ. ಬಾಗಿಲಲ್ಲಿ ನಿಂತು ಆಕೆ
ಹೆಗಲು ಕೊಡವಿಕೊಳ್ಳುತ್ತಾಳಲ್ಲ, ಏನನ್ನು?"

ಓಡಿ ಹೋಗಿ ನೋಡಿದೆ.
ಹಿಮ ಬೀಳುತ್ತಿತ್ತು ಆ ದೃಶ್ಯದಲ್ಲಿ. ಹಗುರ, ಪುಡಿ ಹಿಮ.
ಗಟ್ಟಿ ಜೊಳ್ಳು ತಿಳಿಯದ ಮೊರ ನನ್ನದು,
ಅದನ್ನೂ ಕೇರಿಬಿಟ್ಟಿತ್ತು.
ರಾಗ್ನಾ ಒಣ ಗಾಳಿಯಲ್ಲಿ ನಿಂತು
ಇಲ್ಲದ ಹಿಮವನ್ನು ಒರೆಸಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ,
ತಲೆ ಕೆಟ್ಟವಳಂತೆ.

ತಿರುಪನ್ನು ಸೊನ್ನೆಗೆ ತಂದೆ.
ಸುಳ್ಳು ಯಾಕೆ, ಒಂದಕ್ಕೆ.

ಕಾಗದದ ಹಿಂಬದಿಯಲ್ಲಿ ಇನ್ನೂ ಎರಡು ಸಾಲಿತ್ತು,
ಆಮೇಲೆ ಕಂಡದ್ದು:
"ಟಿವಿ ಆರಿಸಿ ಕಿಟಕಿಯಾಚೆ ನೋಡಿದೆ.
ಅಲ್ಲೂ ರವೆ. ತುಂಬ ಹೊತ್ತು ನೋಡಿದೆ."